ದೊರೆ ಎರಡನೇ ಬದಿಯಲ್ಲೇ ಸತ್ತ

ಗದಗಿನ ಪಕ್ಕದ ಬೆಟಗೇರಿಯ ಚರ್ಚಿನ ಗಾಯನ ಮಂಡಳಿಯಲ್ಲಿ ಬೇಸ್ ಹಾಡುವವರು ಯಾರೂ ಇರಲಿಲ್ಲ. ಹೆಂಗಸರ ಎರಡು ದನಿಗಳಿದ್ದವು. ಗಂಡಸರಲ್ಲಿ ಮೇಲಿನ ದನಿಯಾದ ಟೆನರ್ ಇತ್ತು. ಎಲ್ಲಕ್ಕೂ ಕೆಳಗೆ ನಿಂತು ಹಾಡನ್ನು ಹೊರುವ ನಾಲ್ಕನೆಯ ದನಿ ಮಾತ್ರ ಇರಲಿಲ್ಲ. ಹಿಂದೆ ಹಾಡುತ್ತಿದ್ದವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ.

ನನ್ನ ಕಥೆಯನ್ನು ಅವರ ಕೊರತೆಯಿಂದ ಶುರು ಮಾಡಲು ಕಾರಣವಿದೆ. ಅವರಿಗೆ ಬೇಸ್ ಇದ್ದಿದ್ದರೆ ನಾನು ಹುಬ್ಬಳ್ಳಿಯ ಯಾವುದೋ ರದ್ದಿ ಅಂಗಡಿಯಲ್ಲಿ ಮುಗಿದುಹೋಗುತ್ತಿದ್ದೆ.

ನಾನು ಒಂದು ರಷ್ಯನ್ ಆಪೆರಾದ ರೆಕಾರ್ಡು. ಆಪೆರಾ ಎಂದರೆ ಮೊದಲಿನಿಂದ ಕೊನೆಯವರೆಗೆ ಹಾಡಿನಲ್ಲೇ ನಡೆಯುವ ನಾಟಕ. ಅದರಲ್ಲಿ ಜಗಳವನ್ನೂ ಹಾಡುತ್ತಾರೆ, ನೀರು ಕೇಳುವುದನ್ನೂ ಹಾಡುತ್ತಾರೆ. ನನಗೆ ಎರಡು ಪ್ಲೇಟು, ನಾಲ್ಕು ಬದಿ. ಹಾಡಿದ್ದು ಮಾಸ್ಕೋದಲ್ಲಿ, ಚಳಿಗಾಲದಲ್ಲಿ. ಅಚ್ಚು ಹಾಕಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ಕಪ್ಪು ಮುದ್ದೆಯೊಂದನ್ನು ಬಿಸಿ ಮಾಡಿ, ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಒತ್ತಿದರು. ಒತ್ತಿದ ಹೆಂಗಸು ಆಗ ಆಕಳಿಸುತ್ತಿದ್ದಳು. ಹುಟ್ಟಿದ್ದು ಅಷ್ಟು ಸಾಧಾರಣವಾಗಿ.

ನನ್ನೊಳಗಿನ ನಾಟಕದ ಮೂಲ ಕಥೆ ಹೀಗಿದೆ. ಒಬ್ಬ ದೊರೆ ನದಿಯ ದಂಡೆಯ ಮೇಲೆ ಕೋಟೆ ಕಟ್ಟಿಸುತ್ತಾನೆ. ಗೋಡೆ ನಿಲ್ಲುವುದಿಲ್ಲ. ಕೊನೆಗೆ ಒಬ್ಬ ವಿಧವೆಯ ಒಬ್ಬನೇ ಮಗನನ್ನು ಬುನಾದಿಯಲ್ಲಿ ಹುಗಿಸುತ್ತಾನೆ. ಗೋಡೆ ನಿಲ್ಲುತ್ತದೆ. ಆಮೇಲೆ ದೊರೆಗೆ ನಿದ್ದೆ ಬರುವುದಿಲ್ಲ, ಪಶ್ಚಾತ್ತಾಪದಲ್ಲಿ ಸಾಯುತ್ತಾನೆ. ವಿಧವೆ ಆ ಗೋಡೆಯ ಬುಡದಲ್ಲಿ ಕೂತು ಮಗನಿಗೆ ಜೋಗುಳ ಹಾಡುತ್ತಾಳೆ.

ಇದನ್ನು ಬರೆದವನು ಸೈನ್ಯದಲ್ಲಿ ವೈದ್ಯನಾಗಿದ್ದ. ಆಟ ರಂಗಕ್ಕೆ ಬರುವ ಮೊದಲೇ ವಿಷಮಜ್ವರದಿಂದ ಸತ್ತ. ಅವನ ಗೆಳೆಯ ಒಬ್ಬ ಸಂಗೀತ ಶಾಲೆಯ ಪ್ರಾಧ್ಯಾಪಕ. ಒಳ್ಳೆಯ ಮನುಷ್ಯ. ಗೆಳೆಯನ ಕೃತಿ ಮೂಲೆ ಸೇರಬಾರದು ಎಂದು ಪೂರ್ತಿ ತಿದ್ದಿ ಬರೆದ. ಒರಟು ಸ್ವರಗಳನ್ನು ತೆಗೆದ. ಬರಿದಾಗಿದ್ದ ಕಡೆ ವಾದ್ಯಗಳನ್ನು ತುಂಬಿದ. ಮೂಲದಲ್ಲಿ ದೊರೆ ಮೊದಲು ಸಾಯುತ್ತಿದ್ದ, ವಿಧವೆಯ ಜೋಗುಳ ಕೊನೆಗೆ ಬರುತ್ತಿತ್ತು. ಅದೂ ಮುಗಿಯದೆ ಅರ್ಧಕ್ಕೆ ನಿಲ್ಲುತ್ತಿತ್ತು. ಜನ ಇಂಥ ಮುಕ್ತಾಯವನ್ನು ಒಪ್ಪುವುದಿಲ್ಲ ಎಂದು ಗೆಳೆಯ ಜೋಗುಳವನ್ನು ಸಾವಿಗಿಂತ ಮೊದಲು ತಂದ. ದೊರೆಯ ಸಾವನ್ನು ಗಂಟೆ, ಕಹಳೆಗಳ ಸಮೇತ ಕೊನೆಗೆ ಇಟ್ಟ. ಜಗತ್ತು ತಲೆದೂಗಿತು. ನಾನು ಆ ತಿದ್ದಿದ ಪಾಠದ ರೆಕಾರ್ಡು. ನನ್ನ ಡಬ್ಬಿಯ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಹಾಗೆಂದೇ ಬರೆದಿತ್ತು.

ನನ್ನ ಮೊದಲನೆಯ ಯಜಮಾನ ಹುಬ್ಬಳ್ಳಿಯ ರೈಲ್ವೆ ಅಧಿಕಾರಿ ಡಿಕ್ರೂಜ್. ಅವನ ಬಳಿ ಚೇಂಜರ್ ಯಂತ್ರವಿತ್ತು. ಅದರ ನಡುವಿನ ಕಡ್ಡಿಗೆ ಪ್ಲೇಟುಗಳನ್ನು ಒಂದರ ಮೇಲೊಂದು ಏರಿಸಿಟ್ಟರೆ ಸಾಕು, ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿಯೇ ಕೆಳಗೆ ಬೀಳುತ್ತಿತ್ತು. ನನ್ನನ್ನು ಅಂಥ ಯಂತ್ರಕ್ಕೆಂದೇ ಮಾಡಿದ್ದರು. ಹಾಗಾಗಿ ಮೊದಲನೆಯ ಪ್ಲೇಟಿನ ಒಂದು ಮೈಯಲ್ಲಿ ಬದಿ ಒಂದು, ಇನ್ನೊಂದು ಮೈಯಲ್ಲಿ ಬದಿ ನಾಲ್ಕು. ಎರಡನೆಯ ಪ್ಲೇಟಿನಲ್ಲಿ ಬದಿ ಎರಡು ಮತ್ತು ಮೂರು. ಒಂದು, ಎರಡು ಮುಗಿದ ಮೇಲೆ ಇಡೀ ಅಟ್ಟಿಯನ್ನು ಮಗುಚಿ ಹಾಕಿದರೆ ಮೂರು, ನಾಲ್ಕು ಸರಿಯಾಗಿ ಬರುತ್ತವೆ. ಡಿಕ್ರೂಜ್ ಮಗುಚಿ ಹಾಕುತ್ತಿದ್ದ, ಕುಡಿಯುತ್ತಿದ್ದ, ದೊರೆ ಸಾಯುವಾಗ ತಾನೂ ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಿದ್ದ. ಜೋಗುಳ ಬರುವಾಗ ಎದ್ದು ಅಡುಗೆಮನೆಗೆ ಹೋಗುತ್ತಿದ್ದ. ನಾನು ಹಾಡುವುದು ಮಲಗಿಕೊಂಡೇ. ನನಗೆ ಕಾಣುವುದು ಬಾಗಿದ ಮುಖಗಳ ಗದ್ದ ಮತ್ತು ಮೂಗಿನ ಹೊಳ್ಳೆ. ಡಿಕ್ರೂಜನ ಹೊಳ್ಳೆಗಳು ಜೋಗುಳದ ಹೊತ್ತಿನಲ್ಲಿ ನನಗೆ ಒಮ್ಮೆಯೂ ಕಾಣಲಿಲ್ಲ.

ನಿವೃತ್ತಿಯಾದ ಮೇಲೆ ಅವನು ಗೋವೆಯ ಕಡೆ ಹೊರಟ. ಸಾಮಾನು ಮಾರಾಟಕ್ಕೆ ಇಟ್ಟಿದ್ದ. ಅವನ ಪೆಡಲ್ ಹಾರ್ಮೋನಿಯಂ ಕೊಳ್ಳಲು ಬೆಟಗೇರಿಯಿಂದ ಹನ್ನಾ ಅಕ್ಕಾರು ಬಂದರು. ಶಿಕ್ಷಕಿಯನ್ನು ಆ ಕಡೆ ಅಕ್ಕಾರು ಅನ್ನುತ್ತಾರೆ; ಅವರು ಮಿಶನ್ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ಚರ್ಚಿನಲ್ಲಿ ಗಾಯನ ಮಂಡಳಿ ನಡೆಸುತ್ತಿದ್ದರು. ಎತ್ತರದ ಹೆಂಗಸು, ಮದುವೆಯಾಗಿರಲಿಲ್ಲ, ಯಾರ ಮಾತಿಗೂ ತಲೆದೂಗುವ ಅಭ್ಯಾಸ ಇರಲಿಲ್ಲ. ಮಂಡಳಿಯಲ್ಲಿ ಬೇಸ್ ಇಲ್ಲ ಎಂದು ಮಾತಿನ ನಡುವೆ ಹೇಳಿದರು. ಡಿಕ್ರೂಜ್ ನನ್ನನ್ನು ಅವರ ಕೈಗೆ ಕೊಟ್ಟ. ಇದರೊಳಗೆ ಇರುವಷ್ಟು ಬೇಸ್ ನಿಮ್ಮ ಇಡೀ ಜಿಲ್ಲೆಯಲ್ಲಿ ಇಲ್ಲ, ಕೇಳಿ ಕಲಿಯಿರಿ ಅಂದ. ನನ್ನ ಜೊತೆಗಿದ್ದ ಪುಸ್ತಿಕೆ, ಅಂದರೆ ನಾಟಕದ ಕಥೆ ಬರೆದದ್ದು, ಅಷ್ಟು ಹೊತ್ತಿಗೆ ಗೆದ್ದಲಿಗೆ ಹೋಗಿತ್ತು. ಚೇಂಜರ್ ಯಂತ್ರವನ್ನು ಬೇರೆ ಯಾರೋ ಒಯ್ದಿದ್ದರು.

ಬೆಟಗೇರಿಯಲ್ಲಿ ಚರ್ಚಿನ ಹಿಂದಿನ ಕೋಣೆಯಲ್ಲಿ ಒಂದು ಸಾದಾ ಪೆಟ್ಟಿಗೆ ಪ್ಲೇಯರ್ ಇತ್ತು. ಒಂದು ಸಲಕ್ಕೆ ಒಂದು ಪ್ಲೇಟು. ನನ್ನನ್ನು ಮೊದಲು ಪರೀಕ್ಷಿಸಿದವರು ಚರ್ಚಿನ ಸಭಾಹಿರಿಯ ಎಲೀಷ ಮಾಸ್ತರರು. ಅವರು ಗದಗಿನ ಒಂದು ಮುದ್ರಣಾಲಯದಲ್ಲಿ ಬಹಳ ವರ್ಷ ಕರಡು ತಿದ್ದಿದವರು. ಬಸ್ಸಿನ ಬೋರ್ಡಿನಲ್ಲಿ ತಪ್ಪಿದ್ದರೆ ಬಸ್ಸು ಹತ್ತುತ್ತಿರಲಿಲ್ಲ ಎಂದು ಊರಿನಲ್ಲಿ ಹಾಸ್ಯ ಮಾಡುತ್ತಿದ್ದರು. ಮದುವೆಯ ಕರೆಯೋಲೆಗಳನ್ನು ತಿದ್ದಿ ಕೊಟ್ಟವರಿಗೇ ವಾಪಸು ಕಳಿಸುತ್ತಿದ್ದರು. ಮುಚ್ಚಳದ ಮೇಲಿನ ಇಂಗ್ಲಿಷು ಓದಿ ಅವರಿಗೆ ನನ್ನ ಮೇಲೆ ಗೌರವ ಬಂತು.

“ಪರಿಷ್ಕೃತ ಆವೃತ್ತಿ,” ಅಂದರು. “ಹಂಗಂದ್ರ ತಪ್ಪೆಲ್ಲಾ ತಗದು ಹಾಕ್ಯಾರ. ಧೈರ್ಯಲೆ ಕೇಳಬಹುದು.”

ಆಮೇಲೆ ಪ್ಲೇಟಿನ ನಡುವಿನ ಚೀಟಿ ನೋಡಿದರು. ಒಂದು ಮೈಯಲ್ಲಿ ಒಂದು, ಹಿಂದೆ ನಾಲ್ಕು. ಹುಬ್ಬು ಗಂಟು ಹಾಕಿದರು. ಇಂಗ್ಲೆಂಡಿನವರೂ ಹೀಗೆ ಮುದ್ರಾದೋಷ ಮಾಡುತ್ತಾರೆ ಎಂದು ಅವರಿಗೆ ಒಳಗೊಳಗೆ ಖುಷಿಯೂ ಆಯಿತು, ಅದು ಹೊಳ್ಳೆಯಲ್ಲಿ ಕಂಡಿತು. ಜೇಬಿನಿಂದ ಕೆಂಪು ಪೆನ್ನು ತೆಗೆದು ನಾಲ್ಕನ್ನು ಹೊಡೆದು ಎರಡು ಮಾಡಿದರು. ಇನ್ನೊಂದು ಪ್ಲೇಟಿನಲ್ಲಿ ಎರಡನ್ನು ಮೂರು, ಮೂರನ್ನು ನಾಲ್ಕು ಮಾಡಿದರು. ರಷ್ಯಾದ ಪ್ರಾಧ್ಯಾಪಕನ ನಂತರ ನನ್ನನ್ನು ತಿದ್ದಿದ ಎರಡನೆಯ ಮನುಷ್ಯ ಅವರು.

ಹೀಗಾಗಿ ಬೆಟಗೇರಿಯಲ್ಲಿ ದೊರೆ ಎರಡನೇ ಬದಿಯಲ್ಲೇ ಸತ್ತ. ಮೊದಲ ಬದಿಯಲ್ಲಿ ಪಟ್ಟಕ್ಕೆ ಬಂದು ಕೋಟೆ ಕಟ್ಟಿಸಿದ, ಪ್ಲೇಟು ಮಗುಚಿದರೆ ಗಂಟೆ, ಕಹಳೆ, ಸಾವು. ಎರಡನೆಯ ಪ್ಲೇಟು ಹಾಕಿದರೆ ಅದೇ ಮನುಷ್ಯ ಅದೇ ಗಂಟಲಿನಲ್ಲಿ ಆಸ್ಥಾನದಲ್ಲಿ ಕೂತು ಗದರಿಸುತ್ತಿದ್ದಾನೆ. ಕೊನೆಗೆ ಒಬ್ಬ ಹೆಂಗಸು ಒಬ್ಬಳೇ ಹಾಡುತ್ತಾಳೆ.

ರಷ್ಯನ್ ಯಾರಿಗೂ ಬರುತ್ತಿರಲಿಲ್ಲ. ಆದರೂ ಕಥೆ ಬೇಕಲ್ಲ. ಎಲೀಷ ಮಾಸ್ತರರು ಇದು ಸ್ಪಷ್ಟವಾಗಿ ಪುನರುತ್ಥಾನ ಅಂದರು. ದೊರೆ ಸತ್ತು ಎದ್ದು ಬಂದಿದ್ದಾನೆ. ಸಭಾಪಾಲಕರಿಗೆ, ಅಂದರೆ ಆ ಚರ್ಚಿನ ಪಾದ್ರಿಗಳಿಗೆ, ಕಸಿವಿಸಿಯಾಯಿತು, ದೇವರಿಲ್ಲ ಅನ್ನುವ ದೇಶದವರು ಇಂಥದನ್ನು ಹಾಡುತ್ತಾರೆಯೇ ಎಂದು ಕೇಳಿದರು. ಅಲ್ಲಿಯೂ ಭಕ್ತರು ಇರುತ್ತಾರೆ ಎಂದು ಮಾಸ್ತರರು ಸಮಾಧಾನ ಹೇಳಿದರು. ಶಾಲೆಯ ಪೀಟಿ ಮಾಸ್ತರ ಗಿಡಿಯೋನ್ ಮುಳಗುಂದ ಒಪ್ಪಲಿಲ್ಲ.

“ಎದ್ದು ಬಂದವ ಇಷ್ಟ್ಯಾಕ ಬೈತಾನ್ರಿ ಮಂದೀನ? ಸತ್ತಾಂವ ಇವನ ಅಣ್ಣ ಇರಬೇಕು. ದನಿ ಮನೀದು.”

ಎಲ್ಲರೂ ನಕ್ಕರು. ಹನ್ನಾ ಅಕ್ಕಾರು ನಗಲಿಲ್ಲ. ಕಥೆ ಏನಾದರೂ ಇರಲಿ, ಕೊನೆಯ ಹೆಂಗಸಿನ ಹಾಡು ಇನ್ನೊಂದು ಸಲ ಹಾಕಿ ಅಂದರು. ಅವರ ಮುಖ ನನ್ನ ಮೇಲೆ ಬಾಗಿತ್ತು. ಡಿಕ್ರೂಜ್ ಎದ್ದು ಹೋಗುತ್ತಿದ್ದ ಜಾಗದಲ್ಲಿ ಅವರು ಉಸಿರು ಬಿಗಿಹಿಡಿದು ನಿಂತಿದ್ದರು.

ಏಕೆಂದರೆ ಅವರ ತಲೆಯಲ್ಲಿ ಬೇರೊಂದು ಹಾಡಿತ್ತು. ಆ ಸಭೆಯಲ್ಲಿ ಶುಭ ಶುಕ್ರವಾರದ ಒಂದು ಹಳೆಯ ಕೀರ್ತನೆ ಇತ್ತು. ನೂರು ವರ್ಷದ ಹಿಂದೆ ಬೆಟಗೇರಿಯ ನೇಕಾರರ ಪೈಕಿ ಒಬ್ಬ ಉಪದೇಶಿ, ಹೆಂಗಸರ ಬೀಸುವ ಹಾಡಿನ ಧಾಟಿ ಹಿಡಿದು ಕಟ್ಟಿದ್ದು. ಕರ್ತ ಸತ್ತ ಶುಕ್ರವಾರ ಕಳೆದು, ಅವನು ಎದ್ದ ರವಿವಾರ ಬೆಳಗಾಗುವ ಮೊದಲು ಸಮಾಧಿಗೆ ಹೊರಟ ಹೆಂಗಸರ ಹಾಡು ಅದು. ಕೊನೆಯ ಸಾಲು: ಕಲ್ಲು ಸರಿಸುವರಾರು, ಇನ್ನೂ ಬೆಳಗಾಗಿಲ್ಲ. ಆ ಸಾಲಿನಲ್ಲಿ ಹೆಂಗಸರು ಷಡ್ಜಕ್ಕೆ ಬಂದು ಮುಟ್ಟದೆ ಮೇಲೆಯೇ ನಿಲ್ಲಬೇಕು. ಕೆಳಗೆ ಬೇಸ್ ಒಂದೇ ಸ್ವರ ಹಿಡಿದು ಬೀಸುಕಲ್ಲಿನ ಹಾಗೆ ಗುಂಯ್ಗುಡುತ್ತಿರಬೇಕು. ಬೇಸ್ ಇಲ್ಲದ ಮೇಲೆ ಆ ಮುಕ್ತಾಯ ಹಾಡಲು ಬರುತ್ತಿರಲಿಲ್ಲ. ಹೆಂಗಸರ ದನಿ ಗಾಳಿಯಲ್ಲಿ ನೇತಾಡುತ್ತಿತ್ತು. ಹಾಡುವುದನ್ನು ಬಿಟ್ಟಿದ್ದರು.

ಅದೇ ವರ್ಷ ಕೀರ್ತನೆ ಪುಸ್ತಕದ ಪರಿಷ್ಕೃತ ಆವೃತ್ತಿ ತಯಾರಾಗುತ್ತಿತ್ತು. ಸಮಿತಿಯ ಕಾರ್ಯದರ್ಶಿ ಎಲೀಷ ಮಾಸ್ತರರು. ಈ ಹಾಡು ಮುಗಿಯುವುದೇ ಇಲ್ಲ, ಇದರಲ್ಲಿ ನಿರೀಕ್ಷೆ ಇಲ್ಲ, ಹಾಡಲೂ ಬರುವುದಿಲ್ಲ ಎಂದು ಅವರು ಕೊನೆಯ ಸಾಲನ್ನು ತಿದ್ದಿದ್ದರು. ಕಲ್ಲು ಸರಿಸಿದನು ಕರ್ತನು, ನೋಡಿರಿ ಬೆಳಗಾಯಿತು, ಆಮೆನ್. ಮೂರೇ ದನಿಗೆ ಹೊಂದುವಂತೆ ಅಚ್ಚುಕಟ್ಟಾದ ಮುಕ್ತಾಯ. ಕರಡು ಬಂದಿತ್ತು. ಸಮಿತಿ ಒಂದು ಸಲ ಕೇಳಿ ಒಪ್ಪಿದರೆ ಅಚ್ಚಿಗೆ ಹೋಗುತ್ತಿತ್ತು. ಹಳೆಯ ಪುಸ್ತಕ ಮತ್ತೆ ಅಚ್ಚಾಗುವುದಿಲ್ಲ, ಮಕ್ಕಳು ಪುಸ್ತಕದಲ್ಲಿ ಇದ್ದದ್ದನ್ನೇ ಕಲಿಯುತ್ತಾರೆ. ಅಂದರೆ ಒಂದು ತಲೆಮಾರಿನಲ್ಲಿ ಹಳೆಯ ಹಾಡು ಇಲ್ಲ.

ಹನ್ನಾ ಅಕ್ಕಾರು ಇದನ್ನು ಅವರ ಮುಖಕ್ಕೇ ಹೇಳಿದ್ದು ನನ್ನ ಎದುರಿಗೆ.

“ಶುಕ್ರವಾರನ ಬೆಳಗ ಮಾಡಿಬಿಟ್ರ ರವಿವಾರ ಏನ್ ಮಾಡೂದ್ರಿ, ಮಾಸ್ತರ?”

“ಮಂದಿ ಅಳಕೋತ ಮನಿಗಿ ಹೋಗಬಾರದವ್ವಾ.”

“ಒಂದಿನಾ ಹೋಗ್ಲಿ ಬಿಡ್ರಿ. ಏನಾಕ್ಕೈತಿ.”

ಮಾಸ್ತರರು ಹಾಡಲು ಬರದ ಹಾಡನ್ನು ಅಚ್ಚು ಹಾಕಿ ಏನು ಉಪಯೋಗ ಎಂದು ಕೇಳಿದರು.  ಅಕ್ಕಾರು, ಆ ಬೆಳಗಾಯಿತು ಎಂಬುದನ್ನು ತಾನು ಯಾರಿಗೂ ಕಲಿಸುವುದಿಲ್ಲ, ಅದು ಅಚ್ಚಾದ ದಿನ ಮಂಡಳಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದರು. ಹೆದರಿಸಲು ಹೇಳಿದ ಮಾತಲ್ಲ. ಆ ಮಂಡಳಿ ಬಿಟ್ಟರೆ ಅವರಿಗೆ ಶಾಲೆಯ ಲೆಕ್ಕದ ಪಾಠ ಒಂದೇ ಉಳಿಯುತ್ತಿತ್ತು. ಅದನ್ನು ಎಲ್ಲರೂ ಬಲ್ಲರು.

ಈಗ ಬೇಸ್ ಹುಟ್ಟಬೇಕಾಗಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಅಕ್ಕಾರು ಗಂಡಸರನ್ನು ಕೂರಿಸಿ ದೊರೆಯ ಸಾವು ಕೇಳಿಸಿದರು. ಹೆಚ್ಚಿನವರು ತೂಕಡಿಸಿದರು. ಗಿಡಿಯೋನ್ ಮಾತ್ರ ಮುಂದೆ ಬಂದು ಕೂತ. ಅವನನ್ನು ಟೆನರ್ ಸಾಲಿನಲ್ಲಿ ನಿಲ್ಲಿಸಿ ಬಾಯಿ ಮಾತ್ರ ಆಡಿಸು ಎಂದು ಹೇಳಿದ್ದರು. ಅವನು ಜೋರಾಗಿ ಹಾಡಿದರೆ ಕೋಣ ಬಂತು ಎಂದು ಹೆಂಗಸರು ನಗುತ್ತಿದ್ದರು. ಮೈದಾನದಲ್ಲಿ ಕೂಗಿ ಕೂಗಿ ಅವನ ಗಂಟಲು ಒಡೆದಿತ್ತು. ಅವನು ಹಾಡು ಕೇಳಲಿಲ್ಲ, ಉಸಿರು ಕೇಳಿದ.

“ಇಂವ ಉಸಿರು ಎಲ್ಲಿ ತಗೋತಾನಂತ ನೋಡಾಕತ್ತೀನ್ರಿ ಅಕ್ಕಾರ. ಸಿಗವಲ್ಲ. ಕಳ್ಳ ಅದಾನ.”

ನಾನು ಹೇಳುತ್ತೇನೆ, ನನ್ನ ದೊರೆಯ ಪಾತ್ರ ಮಾಡಿದವನು ನಿಜವಾಗಿಯೂ ಕಳ್ಳನೇ. ವಾಕ್ಯದ ನಡುವೆ, ವ್ಯಂಜನದ ಹಿಂದೆ ಅಡಗಿ ಉಸಿರು ಎಳೆಯುತ್ತಾನೆ. ಗಿಡಿಯೋನ್ ಅದನ್ನು ಹಿಡಿದ. ಹಿಡಿದ ದಿನ ದೊರೆಯ ಜೊತೆಗೇ ಕೆಳಗೆ ಇಳಿದ. ಟೆನರಿನಲ್ಲಿ ಒಡೆಯುತ್ತಿದ್ದ ದನಿ ಅಲ್ಲಿ, ಕೆಳಗೆ, ಒಡೆಯಲಿಲ್ಲ. ಹಾರ್ಮೋನಿಯಂ ಮೇಲಿಟ್ಟ ಗುಂಡುಪಿನ್ನಿನ ಡಬ್ಬಿ ಜುಂಯ್ ಅಂದಿತು. ಅಕ್ಕಾರು ಮುಳ್ಳು ಎತ್ತಿ ನನ್ನನ್ನು ನಿಲ್ಲಿಸಿದರು. ದೊರೆ ನಿಂತ, ಗಿಡಿಯೋನ್ ನಿಲ್ಲಲಿಲ್ಲ.

ಆ ಹೊತ್ತಿನಲ್ಲಿ ನಾನು ಗೆದ್ದೆ ಅನಿಸಿತು. ಆದರೆ ತೀರ್ಪು ಇನ್ನೂ ಬಾಕಿ ಇತ್ತು.

ಸಮಿತಿಯವರು ಬಂದದ್ದು ಶುಭ ಶುಕ್ರವಾರಕ್ಕೆ ಮುಂಚಿನ ಶ್ರಮೆಯ ದಿನಗಳಲ್ಲಿ, ಒಂದು ಮಧ್ಯಾಹ್ನ. ಮೂವರು. ಧಾರವಾಡದಿಂದ ಬಂದ ಅಧ್ಯಕ್ಷರು, ಅವರು ಪಾದ್ರಿಗಳು. ಕಾರ್ಯದರ್ಶಿ ಎಲೀಷ ಮಾಸ್ತರರು. ಮೂರನೆಯವರು ಮಂಗಳೂರಿನ ಅಮೇಲಿಯಾ ಕರ್ಕಡ, ಸಂಗೀತದ ನಿವೃತ್ತ ಶಿಕ್ಷಕಿ, ಹರೆಯದಲ್ಲಿ ಎರಡು ವರ್ಷ ಜರ್ಮನಿಯಲ್ಲಿ ಕಲಿತವರು. ದಪ್ಪ ಕನ್ನಡಕ, ಕೈಯಲ್ಲಿ ಬೀಸಣಿಗೆ. ಗದಗಿನ ಬಿಸಿಲನ್ನು ಬೈಯುತ್ತಲೇ ಒಳಗೆ ಬಂದರು. ಮೇಜಿನ ಮೇಲೆ ನನ್ನ ಡಬ್ಬಿ ನೋಡಿ ಬೀಸಣಿಗೆ ನಿಲ್ಲಿಸಿದರು. ಈ ರೆಕಾರ್ಡು ಇಲ್ಲಿಗೆ ಹೇಗೆ ಬಂತು ಎಂದು ಕೇಳಿ, ಚಹಾ ಆಮೇಲೆ, ಮೊದಲು ಇದನ್ನು ಹಾಕಿ ಅಂದರು.

ಗಿಡಿಯೋನ್ ಒಂದನೆಯ ಬದಿ ಹಾಕಿದ. ಅದು ಮುಗಿದ ಮೇಲೆ ಪ್ಲೇಟು ಮಗುಚಿದ. ಸಾವಿನ ಗಂಟೆ ಶುರುವಾಯಿತು. ಅಮೇಲಿಯಾ ಬಾಯಿಯವರು ನೆಟ್ಟಗೆ ಕೂತರು.

“ಇದು ಎಂಥದು ಮಾರ್ರೆ? ಈಗಷ್ಟೇ ಪಟ್ಟ ಆದ ಮನುಷ್ಯನನ್ನು ಇಷ್ಟು ಬೇಗ ಕೊಂದದ್ದು ಯಾಕೆ?”

ಎದ್ದು ಬರತಾನಂತ್ರಿ ಎಂದು ಗಿಡಿಯೋನ್ ಹೇಳಿದ. ಎಲೀಷ ಮಾಸ್ತರರು ಗಂಭೀರವಾಗಿ ಪುನರುತ್ಥಾನದ ವಿಷಯ ವಿವರಿಸಿದರು. ಅಮೇಲಿಯಾ ಬಾಯಿಯವರು ಪ್ಲೇಟು ನಿಲ್ಲಿಸಿ ಚೀಟಿ ನೋಡಿದರು. ಕೆಂಪು ಪೆನ್ನಿನ ಗೀಟು ನೋಡಿದರು. ಮತ್ತೆ ಮಾಸ್ತರರ ಜೇಬಿನ ಪೆನ್ನು ನೋಡಿದರು. ಅವರು ನಗಲು ಶುರು ಮಾಡಿದರೆ ಬೇಗ ನಿಲ್ಲುವ ಹೆಂಗಸಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ಇದು ಚೇಂಜರಿಗೆ ಮಾಡಿದ ಪ್ಲೇಟು, ನಾಲ್ಕು ಎಂದು ಇದ್ದದ್ದು ನಾಲ್ಕೇ ಎಂದು ತಿಳಿಸಿ ಹೇಳಿದರು. ಒಂದರ ಮೇಲೊಂದು ತಟ್ಟೆ ಇಟ್ಟು, ಮಗುಚಿ ತೋರಿಸಿದರು. ಕಥೆಯನ್ನೂ ಹೇಳಿದರು. ದೊರೆ ಸಾಯುವುದು ಒಂದೇ ಸಲ, ಏಳುವುದಿಲ್ಲ, ಕೊನೆಯ ಹೆಂಗಸು ಹುಗಿದ ಮಗನ ತಾಯಿ.

 ಎಲೀಷ ಮಾಸ್ತರರ ಮುಖ ಕೆಂಪಾಯಿತು. ಜೀವನದಲ್ಲಿ ಅವರು ಸರಿಯಿದ್ದ ಅಂಕಿಯನ್ನು ಹೊಡೆದು ತಪ್ಪು ಮಾಡಿದ್ದು ಅದೇ ಮೊದಲು ಅಂತ ಕಾಣುತ್ತದೆ.

ಆದರೆ ಅಮೇಲಿಯಾ ಬಾಯಿಯವರ ಮಾತು ಮುಗಿದಿರಲಿಲ್ಲ. ಈ ರೆಕಾರ್ಡನ್ನು ಅವರು ಹಿಂದೆ ಎಷ್ಟೋ ಸಲ ಕೇಳಿದ್ದರು. ಆಮೇಲೆ ನನ್ನ ಬಗ್ಗೆ ತೀರ್ಪು ಹೇಳಿದರು. ನನ್ನ ಆಯುಷ್ಯದಲ್ಲಿ ನನ್ನ ಬಗ್ಗೆ ಕೇಳಿದ ಸರಿಯಾದ ತೀರ್ಪು ಅದೊಂದೇ. ದೊರೆಯ ಪಾತ್ರದವನನ್ನು ಮೀರಿಸಿದವರಿಲ್ಲ. ಕೋಟೆ ಕಟ್ಟುವ ಕೂಲಿಗಳ ಮೇಳ ತುಂಬ ನಯ, ಕಲ್ಲು ಹೊತ್ತವರ ಹಾಗೆ ಕೇಳುವುದಿಲ್ಲ, ಹೊಸ ಅಂಗಿ ಹಾಕಿಕೊಂಡವರ ಹಾಗೆ ಕೇಳುತ್ತದೆ. ಟೆನರ್ ಕಿರುಚುತ್ತಾನೆ. ವಿಧವೆಯ ಪಾತ್ರದವಳಿಗೆ ಆ ದಿನ ನೆಗಡಿ ಇದ್ದಿರಬೇಕು, ಅದೇ ಅವಳ ಭಾಗ್ಯ, ಅತ್ತ ಗಂಟಲಿನ ಹಾಗೆ ಕೇಳುತ್ತದೆ. ರೆಕಾರ್ಡು ಒಳ್ಳೆಯದು, ಆವೃತ್ತಿ ಒಳ್ಳೆಯದಲ್ಲ. ಬರೆದವನು ಜೋಗುಳವನ್ನು ಕೊನೆಗೆ ಇಟ್ಟಿದ್ದ, ಅರ್ಧಕ್ಕೆ ನಿಲ್ಲಿಸಿದ್ದ. ಗೆಳೆಯ ಅದನ್ನು ತಪ್ಪು ಎಂದುಕೊಂಡ.

ನನಗೆ ನೋವಾಗಲಿಲ್ಲ. ನಾನು ಅದನ್ನು ಪ್ರತಿ ಸಲವೂ ನನ್ನ ಗೆರೆಗಳಲ್ಲೇ ಬಲ್ಲೆ. ಮೂರನೆಯ ಬದಿ ಮುಗಿದ ಮೇಲೆ ಇನ್ನೇನೂ ಬೇಡ ಅನಿಸುತ್ತದೆ. ಆಮೇಲೆ ಗಂಟೆ ಬಾರಿಸಬೇಕಾಗುತ್ತದೆ.

ಕೊನೆಗೆ ಅವರು ಹೇಳಿದ ಮಾತು ಇದು:

“ಆ ಪ್ರೊಫೆಸರ್ ಜೋಗುಳ ತೆಗೆದು ಸಾವಿಗಿಂತ ಮೊದಲು ಹಾಕಿದ. ಈ ಮಾಸ್ಟ್ರು ಗೊತ್ತಿಲ್ಲದೆ ಅದನ್ನು ಪುನಃ ಕೊನೆಗೆ ತಂದರು. ಬರೆದವ ಹೇಗೆ ಮುಗಿಸಿದ್ದನೋ, ನಿಮ್ಮ ಬೆಟಗೇರಿಯಲ್ಲಿ ಹಾಗೇ ಮುಗಿಯುವುದುಂಟು. ಇದಕ್ಕೆ ನಾನು ಎಂಥ ಹೇಳುವುದು!”

ಹನ್ನಾ ಅಕ್ಕಾರು ಎದ್ದು ನಿಂತರು. ಯಾವ ಭಾಷಣವನ್ನೂ ಮಾಡಲಿಲ್ಲ. ಹಾಡು ಕೇಳಿರಿ ಅಂದರು.

ಮೊದಲು ಹೊಸ ಮುಕ್ತಾಯ ಹಾಡಿಸಿದರು. ಪ್ರಾಮಾಣಿಕವಾಗಿ, ಚೆನ್ನಾಗಿಯೇ ಹಾಡಿಸಿದರು. ಕಲ್ಲು ಸರಿಸಿದನು ಕರ್ತನು, ನೋಡಿರಿ ಬೆಳಗಾಯಿತು, ಆಮೆನ್. ಅಧ್ಯಕ್ಷರು ಮುಗುಳ್ನಕ್ಕರು. ಆಮೇಲೆ ಹಳೆಯದು. ಹೆಂಗಸರು ಕೊನೆಯ ಸಾಲಿಗೆ ಬಂದಾಗ ಗಿಡಿಯೋನ್ ಕೆಳಗೆ ಇಳಿದ. ಅದೇ ಒಂದು ಸ್ವರ. ಎಲ್ಲಿ ಉಸಿರು ತೆಗೆದುಕೊಂಡ ಎಂದು ನನಗೂ ಸಿಗಲಿಲ್ಲ. ಹೆಂಗಸರು ಇನ್ನೂ ಬೆಳಗಾಗಿಲ್ಲ ಎಂದು ಮೇಲೆ ನಿಂತರು, ಗಾಳಿಯಲ್ಲಿ ನೇತಾಡಲಿಲ್ಲ, ಕೆಳಗೆ ನೆಲವಿತ್ತು. ಸ್ವರ ನಿಂತಿತು. ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಹೊರಗೆ ಯಾರದೋ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು.

ಅಧ್ಯಕ್ಷರು ಮೊದಲು ಮಾತಾಡಿದರು. ಸಂಗೀತವೇನೋ ಚೆನ್ನಾಗಿದೆ, ಆದರೆ ಸಭೆಯನ್ನು ಕತ್ತಲಲ್ಲಿ ಬಿಟ್ಟು ಬರುವುದು ತಮಗೆ ಕಷ್ಟ ಅಂದರು. ಅವರ ಮತ ಹೊಸದಕ್ಕೆ. ಅಮೇಲಿಯಾ ಬಾಯಿಯವರು ಹಳೆಯದಕ್ಕೆ ಎಂದು ಬೀಸಣಿಗೆ ಎತ್ತಿದರು. ಉಳಿದವರು ಎಲೀಷ ಮಾಸ್ತರರು. ಹೊಸ ಸಾಲು ಬರೆದವರು ಅವರೇ. ಹನ್ನಾ ಅಕ್ಕಾರು ಅವರ ಕಡೆ ನೋಡಲಿಲ್ಲ, ಹಾರ್ಮೋನಿಯಮ್ಮಿನ ಮುಚ್ಚಳ ಹಾಕುತ್ತಿದ್ದರು. ಅಲ್ಲಿಗೆ ತನ್ನ ಕೆಲಸ ಮುಗಿಯಿತು ಅನ್ನುವವರ ಹಾಗೆ.

ಮಾಸ್ತರರು ಕರಡಿನ ಹಾಳೆ ಕೇಳಿದರು. ಅದನ್ನು ತಂದು ಮೇಜಿನ ಮೇಲೆ, ನನ್ನ ಪಕ್ಕದಲ್ಲೇ ಹಾಸಿದರು. ಹಳೆಯ ಸಾಲಿನ ಮೇಲೆ ಅವರದೇ ಕೆಂಪು ಗೀಟು, ಅಂಚಿನಲ್ಲಿ ಅವರದೇ ಹೊಸ ಸಾಲು. 

ಅಚ್ಚಿನ ಮನೆಯಲ್ಲಿ ಒಂದು ಪದ್ಧತಿ ಇದೆ. ಕರಡು ತಿದ್ದುವವನು ಒಂದು ಮಾತನ್ನು ಹೊಡೆದುಹಾಕಿದ ಮೇಲೆ, ಹೊಡೆದದ್ದೇ ತಪ್ಪು ಎಂದು ಗೊತ್ತಾದರೆ, ಅದನ್ನು ಮತ್ತೆ ಬರೆಯುವುದಿಲ್ಲ. ಆ ಮಾತಿನ ಕೆಳಗೆ ಸಾಲಾಗಿ ಚುಕ್ಕೆ ಇಡುತ್ತಾನೆ. ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತಾನೆ. ಅಚ್ಚಿನ ಮೊಳೆ ಜೋಡಿಸುವವನು ಅದನ್ನು ನೋಡಿ, ಹೊಡೆದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲೀಷ ಮಾಸ್ತರರು ಬೇರೆಯವರ ಕರಡಿನಲ್ಲಿ ಈ ಮಾತನ್ನು ಸಾಕಷ್ಟು ನೋಡಿದ್ದರು. ತಮ್ಮ ಕೈಯಲ್ಲಿ ಬರೆಯುವ ಸಂದರ್ಭ ಬಂದಿರಲಿಲ್ಲ.

ಅವರು ಪೆನ್ನಿನ ಮುಚ್ಚಳ ತೆಗೆದರು. ಕಲ್ಲು ಸರಿಸುವರಾರು ಎಂಬುದರ ಕೆಳಗೆ ಚುಕ್ಕೆ ಇಟ್ಟರು. ಇನ್ನೂ ಬೆಳಗಾಗಿಲ್ಲ ಎಂಬುದರ ಕೆಳಗೂ ಇಟ್ಟರು. ಅಂಚಿನಲ್ಲಿ ತಮ್ಮ ಸಾಲನ್ನು ಹೊಡೆದು ‘ಇರಲಿ’ ಎಂದು ಬರೆದರು. ದುಂಡಗಿನ ಅಕ್ಷರ.

“ನಾನು ಜೀವಮಾನದಾಗ ತಿದ್ದಿದ್ದರಾಗ ಈ ಪ್ಲೇಟಿನ ತಿದ್ದುಪಡಿ ಭಾಳ ಚಲೋ ಆಗೇತಿ,” ಅಂದರು. “ಅದೂ ತಪ್ಪಿ ಆಗಿದ್ದು. ಇನ್ನ ಬೇಕಂತ ತಿದ್ದಿದ್ದು ಯಾವ ಮಟ್ಟಿಗೈತೋ ದೇವರಿಗೇ ಗೊತ್ತು. ಹನ್ನವ್ವಾ, ಹಾಡಾಕ ಬರ್ತೈತಿ ಅಂತ ತೋರಿಸಿದಿ. ಮುಗೀತು.”

ಗಿಡಿಯೋನ್ ಬಾಯಿ ತೆರೆದ. “ಹಂಗಾರ ದೊರಿ ಎದ್ದು ಬರಾಂಗಿಲ್ಲೇನ್ರಿ ಮಾಸ್ತರ?”

“ನೀ ಎದ್ದು ಬಂದಿಯಲ್ಲೋ ಕೋಣ, ಸಾಕು.”

ಆಗ ಹನ್ನಾ ಅಕ್ಕಾರು ನಕ್ಕರು. ಅವರ ಹಲ್ಲು ನನಗೆ ಕಂಡದ್ದು ಆವತ್ತೇ. ಮಾಸ್ತರರು ಆಮೇಲೆ ನನ್ನ ಚೀಟಿಯನ್ನೂ ಸರಿ ಮಾಡಲು ಪೆನ್ನು ಹಿಡಿದು ಬಾಗಿದರು. ಎರಡನ್ನು ಮತ್ತೆ ನಾಲ್ಕು ಮಾಡಬೇಕು. ಪೆನ್ನಿನ ತುದಿ ನನ್ನ ಹತ್ತಿರದವರೆಗೆ ಬಂತು. ಸ್ವಲ್ಪ ನಿಂತು, ಮುಚ್ಚಳ ಹಾಕಿ ಜೇಬಿಗೆ ಇಟ್ಟುಕೊಂಡರು.

ಪುಸ್ತಕ ಬಂತು. ಹೊರಮೈ ಮೇಲೆ ಪರಿಷ್ಕೃತ ಆವೃತ್ತಿ ಎಂದೇ ಇತ್ತು, ಒಳಗೆ ಹಳೆಯ ಹಾಡು ಹಳೆಯ ಹಾಗೇ ಇತ್ತು. ಆ ಶುಭ ಶುಕ್ರವಾರ ನಾನು ಹಿಂದಿನ ಕೋಣೆಯಲ್ಲಿ ಇದ್ದೆ, ಬಾಗಿಲು ತೆರೆದಿತ್ತು. ಹಾಡು ನಿಂತ ಮೇಲೆ ಸಭಾಪಾಲಕರು ಆಶೀರ್ವಾದ ಹೇಳುವುದನ್ನು ಮರೆತು ನಿಂತರು. ಜನ ಅಳುತ್ತ ಹೋದರೋ ಇಲ್ಲವೋ ನನಗೆ ಕಾಣಲಿಲ್ಲ. ಚಪ್ಪಲಿ ಹಾಕಿಕೊಳ್ಳುವ ಸದ್ದು ಮಾತ್ರ ಬಹಳ ಮೆಲ್ಲಗೆ ಕೇಳಿತು. ರವಿವಾರ ಬೆಳಿಗ್ಗೆ ಅದೇ ಜನ ಬೆಳಗಾದ ಹಾಡನ್ನು ಹಾಡಿದ್ದು ಎಷ್ಟು ಜೋರಾಗಿತ್ತೆಂದರೆ, ಡಬ್ಬಿಯೊಳಗೆ ನನ್ನ ಎರಡೂ ಪ್ಲೇಟು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಮುಂದಿನ ವರ್ಷ ಹುಬ್ಬಳ್ಳಿಯಿಂದ, ಧಾರವಾಡದಿಂದ ಮಂಡಳಿಗಳು ಆ ಮುಕ್ತಾಯ ಕಲಿಯಲು ಬೆಟಗೇರಿಗೆ ಬಂದವು. ಅಧ್ಯಕ್ಷರು ಸ್ವತಃ ಬಂದು ಕೊನೆಯ ಬೆಂಚಿನಲ್ಲಿ ಕೂತು ಹೋದರು. ಹನ್ನಾ ಅಕ್ಕಾರು ಇನ್ನೂ ಇಪ್ಪತ್ತು ವರ್ಷ ಮಂಡಳಿ ನಡೆಸಿದರು. ಗಿಡಿಯೋನನ ಕೆಳಗೆ ನಿಂತು ಕಲಿತ ಬೇಸಿನವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಕೆಲವರು ಅವನಿಗಿಂತ ಚೆನ್ನಾಗಿ ಹಾಡುತ್ತಾರೆ. ಅವನು ಇದನ್ನು ಒಪ್ಪುವುದಿಲ್ಲ.

ನನಗೆ ಈಗ ವಯಸ್ಸಾಗಿದೆ. ಪ್ಲೇಯರಿನ ಮುಳ್ಳು ಸವೆದ ಮೇಲೆ ಹೊಸದು ಸಿಗಲಿಲ್ಲ. ಕ್ಯಾಸೆಟ್ಟು ಬಂತು, ಹೋಯಿತು. ಈಗ ಹುಡುಗಿಯರು ಮೊಬೈಲಿನಲ್ಲಿ ಕೇಳುತ್ತಾರೆ. ಒಂದು ದಿನ ಅವರು ಇದೇ ಆಪೆರಾವನ್ನು ಹುಡುಕಿ ಹಾಕಿದರು. ಹೊಸ ರೆಕಾರ್ಡು, ಸತ್ತ ವೈದ್ಯ ಬರೆದ ಮೂಲ ಪಾಠ. ಈಗ ಎಲ್ಲ ದೇಶಗಳಲ್ಲೂ ಅದನ್ನೇ ಆಡುತ್ತಾರಂತೆ. ಪ್ರಾಧ್ಯಾಪಕನ ತಿದ್ದುಪಡಿ ಯಾರಿಗೂ ಬೇಡ. ಕಪಾಟಿನ ಒಳಗಿನಿಂದ ಕೇಳಿದೆ. ವಾದ್ಯಗಳು ಬಡವಾಗಿವೆ, ಕೂಲಿಗಳು ನಿಜವಾಗಿ ಏದುಸಿರು ಬಿಡುತ್ತಾರೆ, ಜೋಗುಳ ಕೊನೆಗೆ ಬಂದು ಅರ್ಧಕ್ಕೆ ನಿಲ್ಲುತ್ತದೆ. ಆದರೆ ಆ ದೊರೆ ನನ್ನ ದೊರೆಯ ಕಾಲಿನ ಧೂಳಿಗೂ ಸಮನಲ್ಲ. ಇದು ಅಸೂಯೆಯಲ್ಲ, ತೀರ್ಪು. ನನ್ನ ಆವೃತ್ತಿ ಸೋತಿತು. ಸೋಲಬೇಕಾದದ್ದೇ. ನಾನು ಸೋಲಲಿಲ್ಲ. ತಿದ್ದಿದ ಪಾಠವನ್ನು ಹೊತ್ತುಕೊಂಡೇ ಒಂದು ಊರಿಗೆ ತಿದ್ದದ ಹಾಡನ್ನು ಉಳಿಸಿಕೊಟ್ಟೆ. ಇದಕ್ಕಿಂತ ಹೆಚ್ಚಿನದನ್ನು ಮಾಡಿದ ರೆಕಾರ್ಡು ಇದ್ದರೆ ಬಂದು ಹೇಳಲಿ.

ಹೋದ ವರ್ಷ ಸುಣ್ಣ ಬಳಿಯಲು ಕಪಾಟು ಸರಿಸಿದಾಗ ನಾನು ಕೆಳಗೆ ಬಿದ್ದೆ. ಮುಚ್ಚಳ ಆಗಲೇ ಹರಿದುಹೋಗಿತ್ತು. ಜೋಗುಳವಿರುವ ಎರಡನೆಯ ಪ್ಲೇಟಿಗೆ ಏನೂ ಆಗಲಿಲ್ಲ.

ಕಳೆದದ್ದು ಇಷ್ಟು. ಒಂದು ಪುಸ್ತಿಕೆ. ಒಂದು ಮುಚ್ಚಳ. ಮೊದಲನೆಯ ಪ್ಲೇಟು, ಅದರ ಎರಡು ಬದಿ: ದೊರೆಯ ಪಟ್ಟ ಒಂದು, ದೊರೆಯ ಸಾವು ಒಂದು. ಎಲೀಷ ಮಾಸ್ತರರು. ಅಮೇಲಿಯಾ ಬಾಯಿಯವರು. ಎರಡು ವರ್ಷದ ಹಿಂದೆ, ಹನ್ನಾ ಅಕ್ಕಾರು.